ಎಲ್ಸಾಳಿಗೆ ಅಪ್ಪ ಹೇಳಿಕೊಟ್ಟದ್ದು

ಆಗೆಲ್ಲ ಕಾಪು ಪೇಟೆಯಲ್ಲಿ ಬಿಳಿಯರು ಯಾರಾದರೂ ಬಸ್ಸಿನಿಂದ ಇಳಿದರೆ ಅವರನ್ನು ಏನೂ ಕೇಳದೆ ನಮ್ಮ ಮನೆಯ ದಾರಿ ಹಿಡಿಸಿ ಕಳುಹಿಸುವುದು ರೂಢಿಯಾಗಿತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಗೋವಾದಿಂದ ಕೇರಳಕ್ಕೆ ಹೋಗುವ ಅಂಥವರು ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಲೈಟ್‌ಹೌಸ್ ನೋಡಲೆಂದು ನಮ್ಮೂರಲ್ಲಿ ಇಳಿಯುತ್ತಿದ್ದರು. ನನ್ನ ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಷ್ಟ್ರು. ಊರವರ ಲೆಕ್ಕದಲ್ಲಿ ಇಂಗ್ಲಿಷ್ ಮಾತಾಡುವವರೆಲ್ಲ ಅಪ್ಪನ ಕಡೆಯವರು. ಸೋಡಾ ಅಂಗಡಿಯವರಂತೂ "ನಿಮ್ಮ ನೆಂಟರು ಬಂದಿದ್ದಾರೆ ಮಾಷ್ಟ್ರೇ" ಎಂದು ದೂರದಿಂದಲೇ ಹೇಳುತ್ತಿದ್ದರು. ನಿಮ್ಮ ಊರಿನಲ್ಲೂ ಅಂಥ ಒಬ್ಬ ಮಾಷ್ಟ್ರು ಇದ್ದಿರಬಹುದು.

ಅಪ್ಪನಿಗೆ ಬುದ್ಧಿ ಹೇಳುವ ಚಟ. ಬಂದವರಿಗೆ ಎಳನೀರು ಕೊಡಿಸಿ, ಜಗಲಿಯಲ್ಲಿ ಕೂರಿಸಿ, ನಮ್ಮ ದೇಶದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಒಂದು ಪೀರಿಯಡ್ಡಿನಷ್ಟು ಪಾಠ ಮಾಡಿಯೇ ಕಳುಹಿಸುತ್ತಿದ್ದರು. ಅವರು ಅರ್ಧಕ್ಕೇ ಎದ್ದು ಹೋದರೂ ಅಪ್ಪನಿಗೆ ಬೇಸರವಿರಲಿಲ್ಲ, ಮುಂದಿನವರಿಗೆ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ನಮಗೂ ಬೇರೆ ಪಾಠವಿತ್ತು. ಬಿಳಿಯರು ಬಂದಾಗ ಬಾಯಿ ಬಿಟ್ಟು ನೋಡಬಾರದು, ಹಿಂದೆ ಓಡಬಾರದು, ಅವರ ಕೂದಲು ಮುಟ್ಟಬಾರದು, ಮುಖ್ಯವಾಗಿ ಏನನ್ನೂ ಕೇಳಬಾರದು. ಈ ಕೊನೆಯದನ್ನು ಹೇಳುವಾಗ ಅಪ್ಪನ ಸ್ವರ ತಗ್ಗುತ್ತಿತ್ತು. ಸ್ವರ ತಗ್ಗಿದರೆ ನಮಗೆ ಹೆಚ್ಚು ಹೆದರಿಕೆ.

ನಾನು ಆರನೇ ತರಗತಿ ಮುಗಿಸಿದ ಬೇಸಗೆಯ ಸಂಗತಿ ಇದು. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನಾನು, ನನ್ನ ತಮ್ಮ ಬಾಬು. ಬಾಬುವಿಗೆ ಮೂರೂವರೆ ವರ್ಷ. ನನಗೂ ಅವನಿಗೂ ನಡುವೆ ಎರಡು ಹುಟ್ಟಿ ಉಳಿಯದೆ ಹೋಗಿದ್ದವು. ಹಾಗಾಗಿ ಅವನನ್ನು ನೆಲಕ್ಕೆ ಬಿಟ್ಟದ್ದೇ ಕಡಿಮೆ, ಯಾರಾದರೊಬ್ಬರ ಸೊಂಟದ ಮೇಲೆ ಇರುತ್ತಿದ್ದ. ಆ ಬೇಸಗೆ ಹೆಚ್ಚಾಗಿ ನನ್ನ ಸೊಂಟ.

ಎಪ್ರಿಲ್ ತಿಂಗಳ ಅಂಗಳ ಹೇಗಿರುತ್ತಿತ್ತು ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಚಾಪೆ ತುಂಬ ಹಲಸಿನ ಹಪ್ಪಳ, ಅದರ ಮೇಲೆ ಕಾಗೆ ಕೂರದಂತೆ ಕೋಲು ಹಿಡಿದು ನಾನು. ಪಡುವಣ ಗಾಳಿ ಬೀಸಿದರೆ ಒಣಮೀನಿನ ವಾಸನೆ, ಗಾಳಿ ನಿಂತರೆ ಕೊಳೆತ ಗೇರುಹಣ್ಣಿನ ವಾಸನೆ. ಗೇರುಬೀಜಗಳನ್ನು ಹೊಯಿಗೆಯಲ್ಲಿ ಸಾಲಾಗಿ ನಿಲ್ಲಿಸಿ ದೂರದಿಂದ ಇನ್ನೊಂದು ಬೀಜ ಎಸೆದು ಬೀಳಿಸುವ ಆಟ ನಮ್ಮದು. ಬಾಬು ನಡುವೆ ನುಗ್ಗಿ ಸಾಲನ್ನೆಲ್ಲ ಕೆಡವಿ, ತಾನೇ ಗೆದ್ದೆ ಎಂದು ಕುಣಿಯುತ್ತಿದ್ದ. ಅವನ ಬೆನ್ನಿಗೆ ಒಂದೆರಡು ಗುದ್ದಿದ್ದೂ ಉಂಟು. 

ಎಲ್ಸಾ ಬಂದದ್ದು ಅಂಥ ಒಂದು ಮಧ್ಯಾಹ್ನ. ಬಂದದ್ದು ಎನ್ನುವುದಕ್ಕಿಂತ ಅವಳನ್ನು ತಂದರು ಎನ್ನಬೇಕು. ಹೊಟ್ಟೆ ಕೆಟ್ಟು ಬಸ್ಸಿನಲ್ಲೇ ತಲೆಸುತ್ತಿ ಬಿದ್ದವಳನ್ನು ಕಂಡಕ್ಟರು ಕಾಪುವಿನಲ್ಲಿ ಇಳಿಸಿದ್ದ. ಸೋಡಾ ಅಂಗಡಿಯವರು ಮತ್ತು ಇನ್ನೊಬ್ಬರು ಅವಳ ಮೂಟೆ ಹೊತ್ತು, ಅವಳನ್ನೂ ಹಿಡಿದು ತಂದು ನಮ್ಮ ಜಗಲಿಯಲ್ಲಿ ಇಳಿಸಿದರು. ಡೆನ್ಮಾರ್ಕಿನವಳು, ಮೂವತ್ತು ವರ್ಷ ಇದ್ದಿರಬೇಕು. ಒಬ್ಬಳೇ ಬಂದಿದ್ದಳು. ಆರೋಗ್ಯ ಸುಧಾರಿಸಲಿ ಎಂದು ಎರಡು ದಿನಕ್ಕೆ ಉಳಿದವಳು ಇಪ್ಪತ್ತು ದಿನ ಉಳಿದಳು.

ಅಜ್ಜಿ ದಾಳಿಂಬೆ ಸಿಪ್ಪೆ ಅರೆದು ಮಜ್ಜಿಗೆಗೆ ಹಾಕಿ ಕುಡಿಸಿ, ಕುಚ್ಚಲಕ್ಕಿ ಗಂಜಿಯ ತಿಳಿ ಕೊಟ್ಟು ಅವಳನ್ನು ಎಬ್ಬಿಸಿದಳು. ಅಜ್ಜಿಗೆ ಗೊತ್ತಿದ್ದ ಕ್ರಿಶ್ಚನ್ನರೆಲ್ಲ ಹತ್ತಿರದ ಶಿರ್ವದವರು, ಅವರ ಹೆಂಗಸರನ್ನು ನಮ್ಮಲ್ಲಿ ಬಾಯಮ್ಮ ಎನ್ನುವುದು. ಹಾಗಾಗಿ ಇವಳನ್ನೂ ಎಲ್ಸಿ ಬಾಯಮ್ಮ ಎಂದೇ ಕರೆದು, ಶಿರ್ವದಲ್ಲಿ ನಿಮ್ಮವರು ಯಾರು ಎಂದು ತುಳುವಿನಲ್ಲಿ ದಿನಕ್ಕೊಮ್ಮೆ ವಿಚಾರಿಸುತ್ತಿದ್ದಳು. ಎಲ್ಸಾ ನಕ್ಕು ತಲೆಯಾಡಿಸುತ್ತಿದ್ದಳು. ಕೊನೆಗೆ ಅಜ್ಜಿ, ಪಾಪ, ಮನೆಯವರ ಜೊತೆ ಜಗಳ ಆಗಿರಬೇಕು, ಅದಕ್ಕೇ ಹೇಳುವುದಿಲ್ಲ ಎಂದು ತೀರ್ಮಾನಿಸಿ ಕೇಳುವುದನ್ನು ಬಿಟ್ಟಳು.

ಅವಳ ಬಳಿ ದಪ್ಪದ ಒಂದು ಪುಸ್ತಕವಿತ್ತು. ನಮ್ಮಂಥ ದೇಶಗಳಿಗೆ ಬರುವವರು ಹೇಗಿರಬೇಕು ಎಂದು ಯಾರೋ ಬರೆದದ್ದು. ಬಾವಿಯ ನೀರು ಕುಡಿಯಬೇಡಿ, ಸಿಪ್ಪೆ ಸುಲಿಯದ ಹಣ್ಣು ತಿನ್ನಬೇಡಿ, ಸ್ನೇಹ ತೋರಿಸುವವರನ್ನು ನಂಬಬೇಡಿ, ಹಿಂದೆ ಬರುವ ಮಕ್ಕಳ ಕಡೆ ತಿರುಗಿ ನೋಡಬೇಡಿ. ಅಪ್ಪ ಅದನ್ನು ಕೇಳಿ ಪಡೆದು ಎರಡು ಮಧ್ಯಾಹ್ನ ಕೂತು ಓದಿದರು, ಕೈಯಲ್ಲಿ ಕೆಂಪು ಪೆನ್ಸಿಲು. ಪರೀಕ್ಷೆಯ ಪೇಪರು ತಿದ್ದಿದ ಹಾಗೆಯೇ ತಿದ್ದಿದರು. ಕೆಲವು ಕಡೆ ಸರಿ ಗುರುತು, ಹೆಚ್ಚಿನ ಕಡೆ ಅಡ್ಡಗೀಟು. ಬೇರೆಯವರ ಪುಸ್ತಕದ ಮೇಲೆ ಹೀಗೆ ಗೀಚುತ್ತಾರಾ ಎಂದು ಅಮ್ಮ ಮೆಲ್ಲಗೆ ಕೇಳಿದರೆ, ತಪ್ಪನ್ನು ತಪ್ಪು ಎನ್ನದಿದ್ದರೆ ತಾನು ಮಾಷ್ಟ್ರು ಯಾಕಾಗಬೇಕು ಎಂದರು.

ಎಲ್ಸಾ ಕೋಪಿಸಿಕೊಳ್ಳಲಿಲ್ಲ. ಹಾಗಾದರೆ ಸರಿ ಯಾವುದು, ನೀವೇ ಹೇಳಿ ಎಂದು ಒಂದು ನೀಲಿ ನೋಟುಬುಕ್ಕು ತೆಗೆದು ಕೂತಳು. ಅಪ್ಪನಿಗೆ ಜೀವಮಾನದಲ್ಲಿ ಅಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ. ದಿನಾ ಸಂಜೆ ಶಾಲೆಯ ಹಾಗೆಯೇ ಪಾಠ ನಡೆಯಿತು. ನಾನು ಬಾಬುವನ್ನು ಮಡಿಲಲ್ಲಿ ಹಾಕಿಕೊಂಡು ಕಂಬಕ್ಕೆ ಒರಗಿ ಕೂರುತ್ತಿದ್ದೆ. ಒಂದೆರಡು ವರ್ಷದ ಇಂಗ್ಲಿಷಿನಲ್ಲಿ ಎಷ್ಟು ಅರ್ಥವಾದೀತು, ಆದರೆ ಅರ್ಥವಾಗದ್ದನ್ನು ಅಪ್ಪ ಆಮೇಲೆ ಅಮ್ಮನಿಗೆ ಹೇಳುತ್ತಿದ್ದರು.

ಮನೆಗೆ ಹೋದಾಗ ಬೆಲ್ಲ ನೀರು ಕೊಟ್ಟರೆ ಕುಡಿಯಲಾಗದಿದ್ದರೂ ತುಟಿಗೆ ತಾಗಿಸಿ ಇಡಿ, ಮುಟ್ಟದೆ ಎದ್ದರೆ ಆ ಮನೆಯ ಮೇಲೆ ಹಗೆ ಇದೆ ಎಂದಾಗುತ್ತದೆ, ಎನ್ನುತ್ತಿದ್ದರು ಅಪ್ಪ. ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬೇಡಿ, ಕೆಲಸ ಕೆಡುತ್ತದೆ ಎಂದು ನಂಬುತ್ತಾರೆ. ಮದುವೆ ಆಗಿದೆಯಾ, ಮಕ್ಕಳೆಷ್ಟು ಎಂದು ಬಸ್ಸಿನಲ್ಲಿ ಕೇಳಿದರೆ ಸಿಟ್ಟು ಮಾಡಬೇಡಿ, ನಿಮ್ಮನ್ನು ಯಾರ ಪಕ್ಕ ಕೂರಿಸಬೇಕು ಎಂದು ತಿಳಿಯಲು ಕೇಳುವುದು. ಲಾಡ್ಜಿನ ಪುಸ್ತಕದಲ್ಲಿ ವಿಳಾಸ ಬರೆಯುವಾಗ ನಿಮ್ಮ ದೇಶದ್ದು ಬರೆಯಬೇಡಿ, ನನ್ನ ಹೆಸರು ಬರೆಯಿರಿ. ಈ ತಾಲೂಕಿನಲ್ಲಿ, ಪಕ್ಕದ ತಾಲೂಕಿನಲ್ಲಿ ನನ್ನ ವಿದ್ಯಾರ್ಥಿಗಳು ಇಲ್ಲದ ಜಾಗವಿಲ್ಲ. ಒಂಟಿ ಹೆಂಗಸು ಎಂದು ಯಾರೂ ತಂಟೆಗೆ ಬರುವುದಿಲ್ಲ. ಫೋಟೋ ತೆಗೆದು ಕಳುಹಿಸುತ್ತೇನೆ ಎಂದು ಬಾಯಿಮಾತಿಗೆ ಹೇಳಿ ಹೋಗಬೇಡಿ. ಹಿಂದಿನ ವರ್ಷ ಯಾರೋ ಹಾಗೆ ಹೇಳಿ ಹೋದದ್ದಕ್ಕೆ ಮೀನುಗಾರರ ಹೆಂಗಸರು ತಿಂಗಳುಗಟ್ಟಲೆ ಪೋಸ್ಟ್‌ಮ್ಯಾನನ ದಾರಿ ಕಾಯುತ್ತಿದ್ದರು.

ಇಷ್ಟೆಲ್ಲದರಲ್ಲಿ ಎಲ್ಸಾಳಿಗೆ ಬಹಳ ಖುಷಿ ಕೊಟ್ಟದ್ದು ಊಟದ ಪಾಠ. ಬಡಿಸಲು ಬಂದಾಗ ಮೊದಲ ಸಲ ಬೇಡ ಎನ್ನಬೇಕು, ಎರಡನೇ ಸಲವೂ ಬೇಡ ಎನ್ನಬೇಕು, ಮೂರನೇ ಸಲಕ್ಕೆ ಸ್ವಲ್ಪ ಹಾಕಿ ಎನ್ನಬೇಕು. ಮೊದಲ ಸಲಕ್ಕೇ ಹೂಂ ಎಂದರೆ ಆಸೆಬುರುಕರು ಎಂದಾಗುತ್ತದೆ. ತುಳುವಿನಲ್ಲಿ ಬೇಡ ಎನ್ನುವುದಕ್ಕೆ ಬೊಡ್ಚಿ ಎನ್ನುತ್ತೇವೆ. ಎಲ್ಸಾ ಎರಡು ಬೆರಳು ಮಡಚಿ ಲೆಕ್ಕ ಹಾಕುತ್ತ "ಬೊಡ್ಚಿ, ಬೊಡ್ಚಿ" ಎಂದು, ಮೂರನೆಯದಕ್ಕೆ ಎಲೆಯ ಮೇಲಿನ ಕೈ ತೆಗೆಯುತ್ತಿದ್ದಳು. ನಕ್ಕು ನಕ್ಕು ಅಮ್ಮನ ಕೈಯಿಂದ ನೀರುದೋಸೆ ಜಾರುತ್ತಿತ್ತು. ಬಾಬುವಿಗೆ ಅದು ಆಟವಾಗಿಬಿಟ್ಟಿತು. ಸ್ನಾನಕ್ಕೆ ಕರೆದರೂ ಬೊಡ್ಚಿ, ಬೊಡ್ಚಿ ಎಂದು ಎರಡು ಬೆರಳು ತೋರಿಸಿ, ಮೂರನೆಯ ಸಲ ಕರೆಯಲಿ ಎಂದು ಬಾಗಿಲ ಹಿಂದೆ ಕಾಯುತ್ತಿದ್ದ.

ನಾನು ಆ ಬೇಸಗೆಯಲ್ಲಿ ಮಾಡಿದ ಒಂದು ಕೆಲಸವನ್ನು ಈವರೆಗೆ ಯಾರಿಗೂ ಹೇಳಿಲ್ಲ. ಎಲ್ಸಾಳ ಹತ್ತಿರ ನಾಲ್ಕು ಬಣ್ಣದ ಪೆನ್ನಿತ್ತು. ಮೇಲಿನ ಗುಂಡಿ ಒತ್ತಿದರೆ ಒಂದೊಂದು ಬಣ್ಣ ಹೊರಬರುತ್ತಿತ್ತು. ಅಂಥದ್ದನ್ನು ನಾನು ಕಂಡಿರಲಿಲ್ಲ. ಒಂದು ದಿನ ಬಾವಿಕಟ್ಟೆಯ ಹತ್ತಿರ ಅವಳೊಬ್ಬಳೇ ಇದ್ದಾಗ, ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಅದನ್ನು ನನಗೆ ಕೊಡುತ್ತೀರಾ ಎಂದು ಕೇಳಿಬಿಟ್ಟೆ. ಅವಳು ಕೂಡಲೇ ಕೊಟ್ಟಳು. ಸಂಜೆಗೆ ನನ್ನ ಅಂಗೈಯಲ್ಲಿ ಹಸಿರು ಗೀಟು ನೋಡಿ ಅಪ್ಪ ಹಿಡಿದರು.

ಹೊಡೆಯಲಿಲ್ಲ. ಸ್ವರ ತಗ್ಗಿಸಿ, "ನಾವು ಕೈ ಒಡ್ಡುವವರಲ್ಲ" ಎಂದು ಅಷ್ಟೇ ಹೇಳಿ, ಪೆನ್ನನ್ನು ನನ್ನ ಕೈಯಿಂದಲೇ ವಾಪಸು ಕೊಡಿಸಿದರು. ಆ ಸಂಜೆಯ ಪಾಠ ಬೇರೆ ರೀತಿಯದಾಗಿತ್ತು. ಎಲ್ಸಾ ಪೆನ್ನನ್ನು ಬೆರಳಲ್ಲಿ ತಿರುಗಿಸುತ್ತ ತಲೆ ತಗ್ಗಿಸಿ ಕೂತಿದ್ದಳು. ಈ ಮನೆಗೆ ಏನನ್ನೂ ಕೊಡಬಾರದು, ಹೋದ ಮೇಲೆ ನಿಮ್ಮ ದೇಶದಿಂದಲೂ ಏನನ್ನೂ ಕಳುಹಿಸಬಾರದು, ನನ್ನ ಹೆಸರಿನಲ್ಲಿ ಯಾರಾದರೂ ಕಾಗದ ಬರೆದು ಕೇಳಿದರೂ ಕಳುಹಿಸಬಾರದು ಎಂದು ಅಪ್ಪ ಒಂದೊಂದೇ ಮಾತು ಬಿಡಿಸಿ ಹೇಳಿದರು. ಅವಳು ಅದನ್ನೂ ನೀಲಿ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ನಾನು ಹಪ್ಪಳದ ಚಾಪೆ ಸುತ್ತುವ ನೆವದಲ್ಲಿ ಅಂಗಳಕ್ಕೆ ಹೋಗಿ ಅತ್ತೆ.

ಅವಳು ಹೊರಡುವ ಹಿಂದಿನ ದಿನ ಕ್ಯಾಮರಾದಲ್ಲಿ ಒಂದೇ ಒಂದು ಫೋಟೋ ಬಾಕಿ ಇದೆ, ಬಾಬುವಿನದು ತೆಗೆಯಲಾ ಎಂದು ಕೇಳಿದಳು. ಅಜ್ಜಿ ಒಪ್ಪಲಿಲ್ಲ. ಐದು ವರ್ಷ ತುಂಬದ ಮಗುವಿನ ಫೋಟೋ ತೆಗೆದರೆ ಆಯುಸ್ಸು ಹೋಗುತ್ತದೆ ಎಂದು ಅವಳ ನಂಬಿಕೆ. ಅಮ್ಮ ಯಾವತ್ತೂ ಅಜ್ಜಿಗೆ ಎದುರು ಮಾತಾಡಿದವಳಲ್ಲ. ಅವತ್ತು ಮಾತ್ರ, ಒಂದು ತೆಗೆಯಲಿ ಅತ್ತೆ, ಎಂದು ಮೂರು ಸಲ ಬೇಡಿಕೊಂಡಳು. ಉಡುಪಿಯ ಸ್ಟುಡಿಯೋಕ್ಕೆ ಹೋಗಿ ಅವನದೊಂದು ಫೋಟೋ ತೆಗೆಸಬೇಕು ಎಂದು ಒಂದು ವರ್ಷದಿಂದ ಹೇಳುತ್ತಿದ್ದಳು, ಹೋಗಲು ಆಗಿರಲಿಲ್ಲ. ಕೊನೆಗೆ ಅಂಗಾಲಿಗೆ ಕಾಡಿಗೆ ಹಚ್ಚಿದರೆ ದೋಷವಿಲ್ಲ ಎಂದು ಅಜ್ಜಿಯೇ ದಾರಿ ಹೇಳಿದಳು.

ಅಮ್ಮ ಅವನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಅಷ್ಟಮಿಗೆ ಹೊಲಿಸಿದ ಚೌಕಳಿ ಅಂಗಿ ಹಾಕಿದಳು. ಅದು ಆಗಲೇ ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಬಾಬು ಕೂರಲಿಲ್ಲ. ಕೈಯಲ್ಲಿ ಒಂದು ಮಾವಿನಹಣ್ಣು ಕೊಟ್ಟ ಮೇಲೆ ಮೆಟ್ಟಿಲಿನ ಮೇಲೆ ಕೂತು ರಸ ಮೊಣಕೈವರೆಗೆ ಇಳಿಸಿಕೊಳ್ಳುತ್ತ ನಕ್ಕ. ಎಲ್ಸಾ ಮಂಡಿಯೂರಿ ಬಹಳ ಹೊತ್ತು ನೋಡಿ ಒತ್ತಿದಳು. ಫಿಲ್ಮನ್ನು ತನ್ನ ಊರಿಗೆ ಹೋದ ಮೇಲೆ ತೊಳೆಸುವುದು ಎಂದು ಅಪ್ಪನಿಗೆ ಹೇಳಿದಳು. ಅಮ್ಮ ಆ ಇಡೀ ಸಂಜೆ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು.

ಮರುದಿನ ಶಿರ್ವದ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸಿಗೆ ಅವಳನ್ನು ಹತ್ತಿಸಲು ಅಪ್ಪ ಹೋದರು, ಬಾಬುವನ್ನು ಎತ್ತಿಕೊಂಡು ನಾನೂ ಹೋದೆ. ಬಸ್ಸು ಬಂದು ನಿಂತಿತ್ತು, ಡ್ರೈವರು ಎದುರಿನ ಅಂಗಡಿಯಲ್ಲಿ ಚಾ ಕುಡಿಯುತ್ತಿದ್ದ. ಎಲ್ಸಾ ಮೂಟೆ ಒಳಗಿಟ್ಟು ಮತ್ತೆ ಇಳಿದು ಬಂದಳು. ಏನೋ ಕೇಳಲೋ ಬೇಡವೋ ಎಂದು ಅನುಮಾನಿಸುತ್ತಿದ್ದದ್ದು ನನಗೂ ಕಾಣುತ್ತಿತ್ತು.

"ಬಾಬುವಿನ ಫೋಟೋ ಕಳುಹಿಸಲಾ?" ಎಂದು ಕೇಳಿದಳು. ಅಷ್ಟು ಇಂಗ್ಲಿಷು ನನಗೆ ಅರ್ಥವಾಗುತ್ತಿತ್ತು.

"ಬೇಡ ಬೇಡ, ನಿಮಗೆ ಯಾಕೆ ತೊಂದರೆ" ಎಂದರು ಅಪ್ಪ.

ಅವಳು ಬಾಬುವಿನ ಕೆನ್ನೆ ಮುಟ್ಟಿ ನೋಡಿದಳು. ಮತ್ತೆ ಅಪ್ಪನ ಕಡೆ ತಿರುಗಿ, "ತೊಂದರೆಯೇನೂ ಇಲ್ಲ. ನಿಜವಾಗಿ ಬೇಡವಾ?" ಎಂದಳು.

"ಬೇಡ. ನೀವು ಬಂದು ಇದ್ದದ್ದೇ ನಮಗೆ ದೊಡ್ಡದು."

ಅಪ್ಪನ ಮುಖದಲ್ಲಿ ಆಗ ಒಂದು ಅರ್ಧ ನಗು ಇತ್ತು. ಮದುವೆ ಊಟದಲ್ಲಿ ಪಾಯಸದವರು ಎರಡು ಸಲ ಕೇಳಿ, ಮೂರನೇ ಸಲಕ್ಕೆ ಸೌಟು ಬಗ್ಗಿಸುವ ಮೊದಲು ಎಲ್ಲರ ಮುಖದಲ್ಲೂ ಇರುತ್ತದಲ್ಲ, ಅಂಥದ್ದು. ಎಲ್ಸಾ ಆ ನಗುವನ್ನು ನೋಡಿದಳು. ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದಳು. ಊಟದ ಪಾಠ ಊಟಕ್ಕೆ ಎಂದು ಅವಳು ತಿಳಿದಿರಬೇಕು. ಏನನ್ನೂ ಕಳುಹಿಸಬಾರದು ಎಂದು ಬಿಡಿಸಿ ಬಿಡಿಸಿ ಹೇಳಿದ ಮನುಷ್ಯ ಈಗ ಎರಡು ಸಲ ಬೇಡ ಎಂದಿದ್ದಾನೆ, ಇನ್ನೊಮ್ಮೆ ಕೇಳಿ ಅವನ ಮಾನಕ್ಕೆ ಕುಂದು ತರಬಾರದು ಎಂದು ಅಂದುಕೊಂಡಿರಬೇಕು. ಡ್ರೈವರು ಬಂದ. ಅವಳು ಕೈಮುಗಿದು ಹತ್ತಿದಳು. ಬಸ್ಸು ತಿರುವು ದಾಟುವವರೆಗೂ ಅಪ್ಪ ನಿಂತೇ ಇದ್ದರು. ಆಮೇಲೆ ಬಾಬುವನ್ನು ನನ್ನ ಸೊಂಟದಿಂದ ತೆಗೆದು ತಾವೇ ಎತ್ತಿಕೊಂಡು ನಡೆದರು. 

ಆ ವರ್ಷ ಮಳೆ ಬೇಗ ಹಿಡಿಯಿತು. ಆಟಿ ತಿಂಗಳ, ಎಂದರೆ ಆಷಾಢದ, ಒಂದು ಬೆಳಿಗ್ಗೆ ಬಾಬುವಿಗೆ ಜ್ವರ ಬಂತು. ಮೊದಲ ದಿನ ಅಜ್ಜಿಯ ಕಷಾಯ, ಎರಡನೇ ದಿನ ಪೇಟೆಯ ಡಾಕ್ಟರು. ಮೂರನೇ ದಿನ ಮೈ ಸೆಟೆಯತೊಡಗಿದಾಗ ಬಾಡಿಗೆ ಕಾರು ಮಾಡಿ ಮಣಿಪಾಲಕ್ಕೆ ಕೊಂಡುಹೋದರು. ಜ್ವರ ಮೆದುಳಿಗೆ ಏರಿದೆ ಎಂದರಂತೆ. ಡಾಕ್ಟರುಗಳು ಮಾಡುವುದನ್ನೆಲ್ಲ ಮಾಡಿದರು. ನನ್ನನ್ನು ಮನೆಯಲ್ಲಿ ಅಜ್ಜಿಯ ಜೊತೆ ಬಿಟ್ಟಿದ್ದರು. ಎರಡು ದಿನ ಬಿಟ್ಟು ಅದೇ ಕಾರು ತಿರುಗಿ ಬಂತು. ಅಮ್ಮ ಇಳಿಯಲಿಲ್ಲ. ಅವಳ ಮಡಿಲಿನಲ್ಲಿ ಅವನಿದ್ದ, ಬಿಳಿ ಬಟ್ಟೆ ಸುತ್ತಿತ್ತು. ತೆಂಗಿನ ತೋಟದ ಮೂಲೆಯಲ್ಲಿ ಗುಂಡಿ ತೋಡುವಾಗ ನೀರು ಒಸರುತ್ತಿತ್ತು, ಅದನ್ನು ಬಾಲ್ದಿಯಲ್ಲಿ ಎತ್ತಿ ಎತ್ತಿ ಹೊರಗೆ ಚೆಲ್ಲಿದರು. ಇದಕ್ಕಿಂತ ಹೆಚ್ಚು ನನ್ನಿಂದ ಬರೆಯಲಾಗದು.

ಅಜ್ಜಿ, ಫೋಟೋ ತೆಗೆಯಲು ಬಿಟ್ಟದ್ದೇ ತಪ್ಪು ಎಂದು ಗೋಡೆಗೆ ಹೇಳುತ್ತಿದ್ದಳು.  ಅಮ್ಮ ಅಳಲಿಲ್ಲ. ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪ ಗಂಜಿಗೆ ಕೂತಿದ್ದಾಗ ಅವರ ಎದುರು ಬಂದು ಕೂತಳು. ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಸ್ವಲ್ಪ ಜೀವ ಬಂದ ಹಾಗಿತ್ತು.

"ಆ ಬಾಯಮ್ಮ ತೆಗೆದ ಫೋಟೋ ಬರ್ಲಿಕ್ಕೆ ಇನ್ನು ಎಷ್ಟು ದಿನ ಉಂಟು?" ಎಂದು ಕೇಳಿದಳು.

ಅಪ್ಪ ಕೈಯನ್ನು ಬಟ್ಟಲಿನಲ್ಲೇ ಇಟ್ಟುಕೊಂಡರು. ಅವಳು ಕೇಳಿದ್ದಳು, ತಾನು ಬೇಡ ಎಂದೆ ಎಂದು ಹೇಳಿದರು.

"ಎಷ್ಟು ಸಲ ಕೇಳಿದಳು?"

"ಎರಡು ಸಲ."

"ಮೂರನೇ ಸಲ ಕೇಳ್ಲಿಲ್ವಾ?"

"ಇಲ್ಲ."

 ಯಾಕೆ ಬೇಡ ಎಂದಿರಿ ಎಂದು ಅಮ್ಮ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು, ತಾನೇ ಅಲ್ಲಿದ್ದರೂ ಬೇಡ ಎಂದೇ ಹೇಳುತ್ತಿದ್ದಳು. ಎದ್ದು ಒಳಗೆ ಹೋಗಿ ಅಕ್ಕಿಯ ಮುಡಿಯ ಪಕ್ಕ ಕೂತು ಆವತ್ತು ಮೊದಲ ಸಲ ಅತ್ತಳು. ಬಾಗಿಲ ಹಿಂದೆ ನಿಂತ ನನಗೆ, ನಾನು ಆ ಪೆನ್ನು ಕೇಳದೆ ಇದ್ದಿದ್ದರೆ ಅವಳು ಮೂರನೇ ಸಲ ಕೇಳುತ್ತಿದ್ದಳೋ ಏನೋ ಎಂದು ಅನ್ನಿಸಿತು. ಈ ಮಾತನ್ನು ಯಾರ ಹತ್ತಿರ ಹೇಳಲಿ? ನುಂಗಿಕೊಂಡೆ. 

ಅಪ್ಪನ ಹತ್ತಿರ ಅವಳ ವಿಳಾಸವಿರಲಿಲ್ಲ. ನೆಂಟರಾಗಿ ಬಂದವರ ವಿಳಾಸ ಕೇಳಿ ಬರೆದುಕೊಂಡರೆ ನಾಳೆ ಏನಾದರೂ ಕಳುಹಿಸಿ ಎಂದು ಸೂಚಿಸಿದ ಹಾಗೆ ಆಗುತ್ತದೆ ಎಂದು ಕೇಳಿರಲಿಲ್ಲ. ದಿಲ್ಲಿಯ ರಾಯಭಾರಿ ಕಚೇರಿಗೆ ಕಾಗದ ಬರೆದರು. ಪೂರ್ತಿ ಹೆಸರು, ಊರು ಇಲ್ಲದೆ ಹುಡುಕಲು ಸಾಧ್ಯವಿಲ್ಲ ಎಂದು ಸಭ್ಯವಾದ ಉತ್ತರ ಬಂತು. ಅವಳ ಮನೆತನದ ಹೆಸರು ಬಹಳ ಉದ್ದದ್ದು, ಅಪ್ಪನ ನಾಲಿಗೆಗೆ ಕೂತಿರಲಿಲ್ಲ. ಆಗ ಅವರಿಗೆ ಕಾರ್ಕಳದ ಲಾಡ್ಜು ನೆನಪಾಯಿತು. ಗೊಮ್ಮಟನನ್ನು ನೋಡಲು ಅವಳು ಅಲ್ಲಿ ಉಳಿದಿರಲೇಬೇಕು. ಲಾಡ್ಜಿನ ಪುಸ್ತಕದಲ್ಲಿ ಎಲ್ಲ ಇರುತ್ತದೆ ಎಂದು ಅಮ್ಮನಿಗೆ ಹೇಳುವಾಗ ಅಪ್ಪನ ಸ್ವರ ಏರಿತ್ತು. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೊರಟರು. ಅಮ್ಮ ಗೇಟಿನವರೆಗೆ ಬಂದು ನಿಂತಳು.

ಕಾರ್ಕಳದಲ್ಲಿ ಸಣ್ಣ ಮಳೆ ಹನಿಯುತ್ತಿತ್ತು. ಎರಡನೇ ಲಾಡ್ಜಿನಲ್ಲಿ ಸಿಕ್ಕಿತು. ಮ್ಯಾನೇಜರು ಅಪ್ಪನ ಹಳೆಯ ವಿದ್ಯಾರ್ಥಿ. ಎದ್ದು ನಿಂತು ಕುರ್ಚಿ ಕೊಟ್ಟು, ಬಿಳಿ ಬಾಯಮ್ಮ ಎರಡು ದಿನ ಇದ್ದು ಬಜಗೋಳಿಯ ಕಡೆಯ ಬಸ್ಸಿನಲ್ಲಿ ಘಟ್ಟ ಹತ್ತಿ ಹೋದಳು ಎಂದ. ಉದ್ದದ ಪುಸ್ತಕ ತೆಗೆದು ಮೇ ತಿಂಗಳ ಹಾಳೆ ಬಿಡಿಸಿದ. ಎಲ್ಸಾಳ ಅಕ್ಷರ ದೂರದಿಂದಲೇ ನನಗೆ ಗುರುತು ಸಿಕ್ಕಿತು, ಹಸಿರು ಬಣ್ಣದಲ್ಲಿ ಬರೆದಿದ್ದಳು. ಹೆಸರಿನ ಜಾಗದಲ್ಲಿ ಎಲ್ಸಾ ಎಂದಷ್ಟೇ. ವಿಳಾಸದ ಜಾಗದಲ್ಲಿ ನನ್ನ ಅಪ್ಪನ ಹೆಸರು, ಇಂಗ್ಲಿಷ್ ಮಾಷ್ಟ್ರು, ಕಾಪು.

"ಇದು ನಿಮ್ಮದೇ ಅಡ್ರೆಸ್ ಅಲ್ವಾ ಸರ್?" ಎಂದು ಮ್ಯಾನೇಜರು ಕೇಳಿದ. ಉಳಿದ ಕಾಲಮ್ಮುಗಳು ಖಾಲಿಯಾಗಿದ್ದವು. ಮಾಷ್ಟ್ರ ಹೆಸರು ಕಂಡ ಮೇಲೆ ಪಾಸ್‌ಪೋರ್ಟು, ಗೀಸ್‌ಪೋರ್ಟು ಕೇಳುವುದು ಮರ್ಯಾದೆಯಲ್ಲ ಎಂದು ತಾನೇ ಬಿಟ್ಟೆ ಎಂದು ಹೆಮ್ಮೆಯಿಂದಲೇ ಹೇಳಿದ.

"ಹೌದು, ನಾನೇ ಹೇಳಿಕೊಟ್ಟದ್ದು" ಎಂದರು ಅಪ್ಪ.

ಅವನು ಚಾ ತರಿಸಿದ. ಅಪ್ಪ ಕುಡಿಯದೆ ಎದ್ದರು. ಮತ್ತೆ ನೆನಪಾಗಿ ತಿರುಗಿ ಬಂದು ಲೋಟವನ್ನು ತುಟಿಗೆ ತಾಗಿಸಿ ಇಟ್ಟರು. ಮನೆ ತಲಪಿದಾಗ ಅಮ್ಮ ಅದೇ ಗೇಟಿನಲ್ಲಿದ್ದಳು. ಅಪ್ಪನ ಮುಖ ನೋಡಿ ಒಳಗೆ ಹೋದಳು.

ಆಮೇಲೆ ಅಪ್ಪ ಯಾರಿಗೂ ಬುದ್ಧಿ ಹೇಳಿದ್ದನ್ನು ನಾನು ನೋಡಿಲ್ಲ. ಬಿಳಿಯರು ಬಂದರೆ ಮನೆಯಲ್ಲಿ ಇಲ್ಲ ಎಂದು ನನ್ನ ಕೈಯಲ್ಲಿ ಹೇಳಿಸುತ್ತಿದ್ದರು. ಎರಡು ವರ್ಷದಲ್ಲಿ ಸೋಡಾ ಅಂಗಡಿಯವರೂ ಕಳುಹಿಸುವುದನ್ನು ನಿಲ್ಲಿಸಿದರು. ಇನ್ನೊಂದು ಬದಲಾವಣೆಯಾಯಿತು. ಮದುವೆ ಮುಂಜಿಯ ಊಟದಲ್ಲಿ ಬಡಿಸುವವರು ಬಂದರೆ ಅಪ್ಪ ಮೊದಲ ಸಲಕ್ಕೇ "ಹಾಕಿ" ಎನ್ನುತ್ತಿದ್ದರು. ಹೊಟ್ಟೆ ತುಂಬಿದ್ದರೂ, ಇಷ್ಟವಿಲ್ಲದ್ದಾದರೂ, ಹಾಕಿ. ಮಾಷ್ಟ್ರಿಗೆ ಪ್ರಾಯವಾದ ಹಾಗೆ ಆಸೆ ಹೆಚ್ಚಾಗಿದೆ ಎಂದು ಪಂಕ್ತಿಯಲ್ಲಿ ನಗುತ್ತಿದ್ದರು. ಹೆಂಗಸರ ಸಾಲಿನಲ್ಲಿ ಅಮ್ಮ ತಲೆ ಎತ್ತುತ್ತಿರಲಿಲ್ಲ. ಅಪ್ಪನ ಎಲೆಯಲ್ಲಿ ಯಾವಾಗಲೂ ಉಣ್ಣಲಾಗದಷ್ಟು ಉಳಿದಿರುತ್ತಿತ್ತು.

ಈಗ ಕಾಪುವಿನ ಕಡಲ ದಂಡೆಯಲ್ಲಿ ಪ್ರವಾಸಿಗಳು ಏನು ಮಾಡಬೇಕು, ಏನು ಮಾಡಬಾರದು ಎಂದು ದೊಡ್ಡ ಬೋರ್ಡೇ ಇದೆ, ಮೂರು ಭಾಷೆಯಲ್ಲಿ. ಓದುವವರನ್ನು ನಾನು ಕಂಡಿಲ್ಲ. ಊಟದ ಮನೆಗಳಲ್ಲಿ ತಟ್ಟೆ ಹಿಡಿದು ತಾವೇ ಬಡಿಸಿಕೊಳ್ಳುತ್ತಾರೆ, ಬೇಡ ಎನ್ನಲು ಎದುರಿಗೆ ಯಾರೂ ಇರುವುದಿಲ್ಲ. ಹಳೆಯದೆಲ್ಲ ಒಳ್ಳೆಯದಿತ್ತು ಎಂದು ಹೇಳುವ ಹಕ್ಕು ನನಗಿಲ್ಲ. ನಮ್ಮ ಆ ಮರ್ಯಾದೆಗೆ ನಾವು ಕೊಟ್ಟದ್ದು ಏನು ಎಂದು ನನಗೆ ಗೊತ್ತು. ಆದರೂ ಮೂರನೇ ಸಲ ಕೇಳುವವರು ಇರುತ್ತಾರೆ ಎಂದು ಭರವಸೆಯಿಟ್ಟು ಬೇಡ ಎನ್ನುತ್ತಿದ್ದ ಆ ಜನರನ್ನು ನೆನೆದರೆ ಸಂಕಟವಾಗುತ್ತದೆ. ನನ್ನ ಮೊಮ್ಮಗಳು ಹುಟ್ಟಿದ ದಿನವೇ ಅವಳ ನೂರು ಫೋಟೋ ನನ್ನ ಫೋನಿಗೆ ಬಂದಿತ್ತು. ಡೆನ್ಮಾರ್ಕಿನ ಯಾವುದೋ ಮನೆಯ ಡಬ್ಬಿಯಲ್ಲಿ ಚೌಕಳಿ ಅಂಗಿಯ ಒಂದು ಮಗು ಇನ್ನೂ ನಗುತ್ತಿರಬಹುದು. ಅದು ಯಾರು ಎಂದು ಆ ಮನೆಯವರಿಗೆ ಗೊತ್ತಿರಲಾರದು. ಅಥವಾ ಯಾವಾಗಲೋ ಎಸೆದಿರಬಹುದು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಉಡುಪಿಯಲ್ಲಿ ನನ್ನ ಜೊತೆಗೇ ಇದ್ದಳು. ಬಾಬುವಿನ ಹೆಸರನ್ನು ನಮ್ಮ ನಡುವೆ ಎತ್ತಿದ್ದು ಕಡಿಮೆ. ಕೊನೆಯ ಕಾಯಿಲೆಯಲ್ಲಿ, ಒಂದು ಬೆಳಿಗ್ಗೆ ನಾನು ಅವಳ ತಲೆ ಬಾಚುತ್ತಿದ್ದಾಗ, ಬಹಳ ದಿನದಿಂದ ಕೇಳಬೇಕೆಂದಿದ್ದವಳ ಹಾಗೆ ಕೇಳಿದಳು.

"ಅವನ ಮಚ್ಚೆ ಯಾವ ಕೆನ್ನೆಯಲ್ಲಿ ಇದ್ದದ್ದು ಮಗಾ?"

ನನಗೆ ನೆನಪಿರಲಿಲ್ಲ. ಮಚ್ಚೆ ಇತ್ತೆಂಬುದು ನೆನಪಿತ್ತು, ಎಳ್ಳಿನಷ್ಟು ಸಣ್ಣದು. ಅವನನ್ನು ಸೊಂಟದಲ್ಲಿ ಎತ್ತಿಕೊಂಡದ್ದು ನೆನಪಿತ್ತು, ಅವನ ತಲೆಯ ಎಣ್ಣೆಯ ವಾಸನೆಯೂ ನೆನಪಿತ್ತು. ಮುಖ ಮಾತ್ರ ಬರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ಬಾಯಿ ಬರದೆ, "ಎಡಗೆನ್ನೆಯಲ್ಲಿ ಅಮ್ಮ" ಎಂದೆ.

"ಹೌದಾ" ಎಂದಳು. "ನಾನು ಇಷ್ಟು ವರ್ಷ ಬಲಗೆನ್ನೆ ಅಂತ ಇಟ್ಟುಕೊಂಡಿದ್ದೆ."

ಕಣ್ಣು ಮುಚ್ಚಿದಳು. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಅತ್ತಿತ್ತ ಚಲಿಸುತ್ತಿದ್ದವು. ತನ್ನ ಮಗನ ಮುಖವನ್ನು ನನ್ನ ಮಾತಿನ ಪ್ರಕಾರ ಅವಳು ತಿದ್ದಿಕೊಳ್ಳುತ್ತಿದ್ದಾಳೆ ಎಂದು ತಿಳಿದೂ ನಾನು ಬಾಚುವುದನ್ನು ಮುಂದುವರಿಸಿದೆ. ನಾಲ್ಕು ದಿನದ ಮೇಲೆ ಅವಳು ಹೋದಳು.